ಆಂಡ್ರಾಯ್ಡ್ ಎಷ್ಟು ಮುಕ್ತ, ಐಫೋನ್ ಎಷ್ಟು ಭದ್ರ?

‘ಆಂಡ್ರಾಯ್ಡ್ ಓಪನ್, ಐಫೋನ್ ಕ್ಲೋಸ್ಡ್’ ಎಂಬ ಮಾತು ಮೊಬೈಲ್ ಅಂಗಡಿಯಲ್ಲೂ ಗೆಳೆಯರ ಚರ್ಚೆಯಲ್ಲೂ ತೀರ್ಪು ಕೊಟ್ಟಂತೆ ಕೇಳಿಬರುತ್ತದೆ. ಬ್ಯಾಂಕ್ ಖಾತೆ, ಆಧಾರ್, ಮನೆಯವರ ಫೋಟೊ ಎಲ್ಲವನ್ನೂ ಇಟ್ಟುಕೊಳ್ಳುವ ಸಾಧನವನ್ನು ಇಷ್ಟೇ ಮಾತಿನ ಮೇಲೆ ಆರಿಸಬಾರದು. ಕಾರ್ಯಾಚರಣಾ ವ್ಯವಸ್ಥೆಯ ಕೋಡ್, ಅದರ ಮೇಲೆ ಕುಳಿತ ಕಂಪನಿಯ ಸೇವೆಗಳು, ಆ್ಯಪ್ ಬರುವ ದಾರಿ, ಹೀಗೆ ಫೋನಿನಲ್ಲಿ ಹಲವು ಪದರಗಳಿವೆ. ಯಾವ ಪದರದ ಹಿಡಿತ ಯಾರ ಕೈಯಲ್ಲಿದೆ ಎಂಬುದನ್ನು ಬಿಡಿಸಿ ನೋಡಬೇಕು.

ತಪ್ಪು ಕಲ್ಪನೆ: ಆಂಡ್ರಾಯ್ಡ್ ಫೋನ್ ಪೂರ್ತಿ ಮುಕ್ತ.

ಸತ್ಯ: ಮುಕ್ತವಾಗಿರುವುದು ಅದರ ಬುಡ. ಆಂಡ್ರಾಯ್ಡ್ ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಕೋಡನ್ನು ಯಾರು ಬೇಕಾದರೂ ಪಡೆದು ತಿದ್ದಿ ಬಳಸಬಹುದು. ಪ್ಲೇ ಸ್ಟೋರ್, ಮ್ಯಾಪ್ಸ್, ಇವಕ್ಕೆ ಬೆನ್ನೆಲುಬಾದ ಪ್ಲೇ ಸರ್ವೀಸಸ್ ಮಾತ್ರ ಗೂಗಲ್‌ನ ಸ್ವಂತ ಸೊತ್ತು. 2019ರಲ್ಲಿ ಅಮೆರಿಕ ಸರ್ಕಾರ ಚೀನಾದ ಫೋನ್ ಕಂಪನಿ ಹುವಾವೇ ಮೇಲೆ ವ್ಯಾಪಾರ ನಿರ್ಬಂಧ ಹೇರಿದಾಗ ಇದು ಸ್ಪಷ್ಟವಾಯಿತು. ಕೋಡ್ ಹುವಾವೇ ಬಳಿಯೇ ಉಳಿಯಿತು, ಆದರೆ ಆ ವರ್ಷದ ಮೇಟ್ 30 ಫೋನು ಪ್ಲೇ ಸ್ಟೋರ್ ಇಲ್ಲದೆ ಮಾರುಕಟ್ಟೆಗೆ ಬಂತು. ನಮ್ಮಲ್ಲೂ ಇದೇ ಹಿಡಿತ ಪ್ರಶ್ನೆಗೆ ಒಳಗಾಗಿದೆ. ಫೋನ್ ತಯಾರಕರು ಗೂಗಲ್ ಆ್ಯಪ್‌ಗಳನ್ನು ಒಟ್ಟಾಗಿಯೇ ಹಾಕಿಕೊಳ್ಳಬೇಕೆಂಬ ಷರತ್ತೂ ಸೇರಿದಂತೆ ಹಲವು ಕಾರಣಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿತು. ಆ್ಯಪ್‌ಗಳಿಗೆ ಬಿಡಿಬಿಡಿಯಾಗಿ ಪರವಾನಗಿ ಕೊಡುವುದಾಗಿ ಗೂಗಲ್ 2023ರ ಜನವರಿಯಲ್ಲಿ ಪ್ರಕಟಿಸಿತು.

ತಪ್ಪು ಕಲ್ಪನೆ: ಐಫೋನಿನಲ್ಲಿ ಮುಕ್ತವಾದದ್ದು ಏನೂ ಇಲ್ಲ, ಅದರ ಬೀಗ ತಾಂತ್ರಿಕ ಅನಿವಾರ್ಯ.

ಸತ್ಯ: ಐಒಎಸ್‌ನ ತಿರುಳಾದ ಎಕ್ಸ್‌ಎನ್‌ಯು ಕರ್ನೆಲ್‌ನ ಕೋಡನ್ನು ಆ್ಯಪಲ್ ಪ್ರಕಟಿಸುತ್ತದೆ. ಸಫಾರಿ ಬ್ರೌಸರ್‌ನ ಒಳಗಿರುವ ವೆಬ್‌ಕಿಟ್ ಹುಟ್ಟಿದ್ದೇ ಕೆಎಚ್‌ಟಿಎಂಎಲ್ ಎಂಬ ಮುಕ್ತ ತಂತ್ರಾಂಶದಿಂದ. ಮುಚ್ಚಿರುವುದು ಮುಖ್ಯವಾಗಿ ಮೇಲಿನ ಪದರಗಳು ಮತ್ತು ಆ್ಯಪ್ ಬರುವ ದಾರಿ. ಆ ದಾರಿಯೂ ಕಾನೂನಿನ ಒತ್ತಡಕ್ಕೆ ತೆರೆಯಿತು. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಿಂದಾಗಿ 2024ರ ಮಾರ್ಚ್‌ನಲ್ಲಿ ಅಲ್ಲಿನ ಐಫೋನ್‌ಗಳಿಗೆ ಬೇರೆ ಆ್ಯಪ್ ಅಂಗಡಿಗಳನ್ನು ಬಳಸುವ ಅವಕಾಶ ಸಿಕ್ಕಿತು. ಅಂದರೆ ಆ ಬೀಗ ಕಂಪನಿಯ ನೀತಿಯೇ ಹೊರತು ಯಂತ್ರದ ಮಿತಿಯಲ್ಲ.

ತಪ್ಪು ಕಲ್ಪನೆ: ಕೋಡ್ ಎಲ್ಲರಿಗೂ ಕಾಣುವುದರಿಂದಲೇ ಆಂಡ್ರಾಯ್ಡ್‌ನಲ್ಲಿ ವಂಚನೆ ಹೆಚ್ಚು.

ಸತ್ಯ: ಮದುವೆ ಆಮಂತ್ರಣ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ) ಫೈಲ್ ಬರುತ್ತದೆ. ಒತ್ತಿ ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ಕಳ್ಳರ ಪಾಲು. ಇಲ್ಲಿ ಯಾರೂ ಆಂಡ್ರಾಯ್ಡ್ ಕೋಡ್ ಓದಿ ಬಿರುಕು ಹುಡುಕಿಲ್ಲ. ನಮ್ಮ ಅನುಮತಿಯನ್ನೇ ಬಳಸಿಕೊಂಡಿದ್ದಾರೆ. ಹೊರಗಿನಿಂದ ಆ್ಯಪ್ ಹಾಕುವ ಅದೇ ದಾರಿಯಲ್ಲಿ ಎಫ್-ಡ್ರಾಯ್ಡ್‌ನಂಥ ಮುಕ್ತ ತಂತ್ರಾಂಶಗಳ ಭಂಡಾರವೂ ಸಿಗುತ್ತದೆ. ಇನ್ನು ಕಾಣುವ ಕೋಡಿನಿಂದ ಭದ್ರತೆಗೆ ಲಾಭವೂ ಉಂಟು: ಭದ್ರತೆಗೇ ಹೆಸರಾದ ಗ್ರಾಫೀನ್ ಒಎಸ್ ಇದೇ ಮುಕ್ತ ಕೋಡಿನ ಮೇಲೆ ನಿಂತಿದೆ.

ತಪ್ಪು ಕಲ್ಪನೆ: ಐಫೋನಿಗೆ ಯಾರೂ ನುಗ್ಗಲಾರರು.

ಸತ್ಯ: ಐಫೋನಿನ ಬಿಗಿ ನಿಯಮ ಎಪಿಕೆ ಮಾದರಿಯ ವಂಚನೆಯನ್ನು ತಡೆಯುತ್ತದೆ, ನಿಜ. ಆದರೆ 2021ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ಆ್ಯಪಲ್‌ನ ಸಂದೇಶ ಸೇವೆ ಐಮೆಸೇಜ್ ಮೂಲಕ ನುಗ್ಗುವ ಪೆಗಾಸಸ್ ಕುತಂತ್ರಾಂಶದ ದಾಳಿಯೊಂದನ್ನು ಪತ್ತೆಮಾಡಿತು. ಫೋನಿನ ಒಡೆಯ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಆ್ಯಪಲ್ ತುರ್ತಾಗಿ ಐಒಎಸ್ 14.8 ಅಪ್‌ಡೇಟ್ ಕೊಟ್ಟಿತು. ಕೋಡ್ ಮುಚ್ಚಿಟ್ಟ ಮಾತ್ರಕ್ಕೆ ದೋಷ ಇಲ್ಲವಾಗುವುದಿಲ್ಲ.

ತಪ್ಪು ಕಲ್ಪನೆ: ಮುಕ್ತ ವೇದಿಕೆಯಿಂದ ಲಾಭ ತಂತ್ರಜ್ಞರಿಗೆ ಮಾತ್ರ.

ಸತ್ಯ: ಕನ್ನಡಿಗರಿಗೆ ಇದರ ಲಾಭ ನೇರವಾಗಿ ಸಿಕ್ಕಿದೆ. ಆಂಡ್ರಾಯ್ಡ್‌ನ ಆರಂಭದ ಆವೃತ್ತಿಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕಗಳು ಕಾಣುತ್ತಿದ್ದವು. ಆಸಕ್ತರು ಫೋನನ್ನು ರೂಟ್ ಮಾಡಿ (ಅಂದರೆ ವ್ಯವಸ್ಥೆಯ ಪೂರ್ತಿ ಹಿಡಿತ ಪಡೆದು) ಕನ್ನಡ ಫಾಂಟ್ ಕೂರಿಸಿದರು. ಹೊರಗಿನವರ ಕೀಲಿಮಣೆಗಳಿಗೆ ಆಂಡ್ರಾಯ್ಡ್ 2009ರಲ್ಲೇ ಅವಕಾಶ ಕೊಟ್ಟಿದ್ದರಿಂದ ಕನ್ನಡಿಗರು ತಾವೇ ಕೀಲಿಮಣೆ ರೂಪಿಸಿ ಹಂಚಿದರು. ಐಫೋನ್ ಆ ಅವಕಾಶ ಕೊಟ್ಟದ್ದು 2014ರಲ್ಲಿ. ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಫೋನಿನ ಮೆನುಗಳೆಲ್ಲ ಕನ್ನಡದಲ್ಲಿ ಕಾಣುವ ಸೌಲಭ್ಯ ಆಂಡ್ರಾಯ್ಡ್‌ಗೆ 2014ರಲ್ಲಿ, ಐಫೋನಿಗೆ 2025ರಲ್ಲಿ ಸಿಕ್ಕಿತು. ದೊಡ್ಡ ಕಂಪನಿ ಮನಸ್ಸು ಮಾಡುವ ತನಕ ಸಣ್ಣ ಭಾಷೆಗಳು ಕಾಯಬೇಕಿಲ್ಲ ಎಂಬುದೇ ಮುಕ್ತತೆಯ ದೊಡ್ಡ ಬಲ.

ತಪ್ಪು ಕಲ್ಪನೆ: ಆಂಡ್ರಾಯ್ಡ್‌ಗೆ ಅಪ್‌ಡೇಟ್ ಹೆಚ್ಚು ಕಾಲ ಬರುವುದಿಲ್ಲ.

ಸತ್ಯ: ಹಿಂದೆ ಇದು ಬಹುಮಟ್ಟಿಗೆ ನಿಜವೇ ಆಗಿತ್ತು. ಗೂಗಲ್, ಚಿಪ್ ಕಂಪನಿ, ಫೋನ್ ತಯಾರಕ ಎಂಬ ಸರಪಳಿಯಲ್ಲಿ ಹೊಸ ಆವೃತ್ತಿ ಸಿಕ್ಕಿಕೊಳ್ಳುತ್ತಿತ್ತು. ಇದಕ್ಕೆ ಪ್ರತಿಯಾಗಿ 2015ರ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ಕಿತ್ತು. ಈಗ ಆಂಡ್ರಾಯ್ಡ್‌ನ ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಫೋನ್‌ಗಳಿಗೆ 7 ವರ್ಷದ ಭರವಸೆ ಇದೆ. ಅಗ್ಗದ ಫೋನ್‌ಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಕಡಿಮೆ.

ಹಾಗಾಗಿ ಫೋನ್ ಕೊಳ್ಳುವ ಮುನ್ನ ಕೇಳಬೇಕಾದದ್ದು ಇಷ್ಟು: ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ? ಬೇಡದ ಆ್ಯಪ್ ತೆಗೆಯಲು ಬರುತ್ತದೆಯೇ? ಕಂಪನಿ ಕೈಬಿಟ್ಟ ಮೇಲೆ ಬೇರೆ ವ್ಯವಸ್ಥೆ ಹಾಕಿಕೊಳ್ಳಲು, ಫೋನನ್ನು ಚಾಲೂ ಮಾಡುವ ಬೂಟ್‌ಲೋಡರ್ ತೆರೆಯುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಪಡೆಯುವುದು ದುಡ್ಡು ಕೊಡುವವರ ಹಕ್ಕು. ಯಾವ ಬ್ರ್ಯಾಂಡ್ ಆದರೂ ಸರಿ, ಕೇಳಿಯೇ ಕೊಳ್ಳಿ.