ಚೀಸ್ ಒಡೆಯದ ಹದ

ಬಿಸಿ ಮ್ಯಾಕರೋನಿಯ ಮೇಲೆ ಚೀಸ್ ತುರಿದು ಹಾಕಿ, ಒಲೆಯ ಮೇಲಿಟ್ಟು ಕೈಯಾಡಿಸಿದರೆ ಮ್ಯಾಕರೋನಿ ಚೀಸ್ ಆಯಿತು ಎಂದುಕೊಂಡವರಿಗೆಲ್ಲ ಒಂದೇ ಅನುಭವ. ಎರಡೇ ನಿಮಿಷದಲ್ಲಿ ಚೀಸ್ ಮುದ್ದೆಗಟ್ಟಿ ರಬ್ಬರಿನ ಹಾಗೆ ಸೌಟಿಗೆ ಸುತ್ತಿಕೊಳ್ಳುತ್ತದೆ. ಪಾತ್ರೆಯ ಅಂಚಿನಲ್ಲಿ ಹಳದಿ ಜಿಡ್ಡು ತೇಲುತ್ತದೆ. ತಪ್ಪು ಚೀಸಿನದಲ್ಲ, ಎಷ್ಟೋ ಸಲ ದುಬಾರಿ ಚೀಸೇ ಬೇಗ ಒಡೆಯುವುದು.

ಚೀಸ್ ಎಂದರೆ ಹಾಲಿನ ಪ್ರೋಟೀನು ಹೆಣೆದ ಬಲೆ. ಕ್ಯಾಸೀನ್ ಎಂಬ ಆ ಪ್ರೋಟೀನನ್ನು ಕ್ಯಾಲ್ಸಿಯಂ ಒಂದಕ್ಕೊಂದು ಬೆಸೆದಿರುತ್ತದೆ. ಕೊಬ್ಬೂ ನೀರೂ ಬಲೆಯೊಳಗೆ ಸಿಕ್ಕಿಕೊಂಡಿರುತ್ತವೆ. ಕಾವು ಮೀರಿದರೆ ಬಲೆ ಬಿಗಿದುಕೊಂಡು ಕೊಬ್ಬನ್ನು ಹೊರಗೆ ಹಿಂಡುತ್ತದೆ. ತಿಂಗಳುಗಟ್ಟಲೆ ಮಾಗಿದ ಚೆಡ್ಡರಿನಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅದು ಇನ್ನೂ ಸೂಕ್ಷ್ಮ. ರುಚಿ ಹೆಚ್ಚಿದಷ್ಟೂ ಒಡೆಯುವ ಭಯವೂ ಹೆಚ್ಚು. ಈ ತಿನಿಸಿನ ಕೈಚಳಕವೆಲ್ಲ ಇಲ್ಲೇ ಇದೆ.

ನಮ್ಮ ಅಡುಗೆಮನೆಗೆ ಈ ಭಯ ಹೊಸದೇನಲ್ಲ. ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುತ್ತೇವೆ, ಮಜ್ಜಿಗೆ ಬಿದ್ದ ಮೇಲೆ ಹೆಚ್ಚು ಕುದಿಯಲು ಬಿಡದೆ ಇಳಿಸುತ್ತೇವೆ. ಬೇಳೆಯ ಪಿಷ್ಟ ಬಿಸಿಗೆ ಊದಿಕೊಂಡು ಪ್ರೋಟೀನಿನ ಕಣಗಳ ನಡುವೆ ಅಡ್ಡ ನಿಲ್ಲುತ್ತದೆ, ಅವು ಗಂಟುಕಟ್ಟುವುದಿಲ್ಲ. ಮ್ಯಾಕರೋನಿ ಚೀಸಿನಲ್ಲಿ ಅದೇ ಕೆಲಸವನ್ನು ಮೈದಾ ಮಾಡುತ್ತದೆ.

ಈ ಮೈದಾ ಬಂದದ್ದು ತಡವಾಗಿ. ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡನ ಬಾಣಸಿಗರು ಸುಮಾರು 1390ರಲ್ಲಿ ಬರೆಸಿದ ಪಾಕಸಂಗ್ರಹದಲ್ಲಿ ಕಣಕದ ತುಂಡುಗಳನ್ನು ಬೇಯಿಸಿ, ಕೆಳಗೂ ಮೇಲೂ ಚೀಸು-ಬೆಣ್ಣೆ ಹರಡುವ ಕ್ರಮವಷ್ಟೇ ಇದೆ. 1769ರಲ್ಲಿ ಎಲಿಜಬೆತ್ ರಾಫಾಲ್ಡ್ ಎಂಬಾಕೆ ತನ್ನ ಪಾಕಪುಸ್ತಕದಲ್ಲಿ ಕೆನೆಯ ಜೊತೆಗೆ, ಹಿಟ್ಟಿನಲ್ಲಿ ಹೊರಳಿಸಿದ ಬೆಣ್ಣೆಯ ಉಂಡೆಯನ್ನೂ ಸೇರಿಸಿದಳು. ಇಂದಿನ ಸಾಸಿನ ಗುಟ್ಟು ಆ ಉಂಡೆಯಲ್ಲೇ ಇತ್ತು.

ಅಮೆರಿಕದ ಕಥೆ ಹೇಳುವಾಗ ಎಲ್ಲರೂ ಥಾಮಸ್ ಜೆಫರ್ಸನ್ ಹೆಸರು ಎತ್ತುತ್ತಾರೆ. ನನಗೆ ನೆನಪಾಗುವುದು ಜೇಮ್ಸ್ ಹೆಮಿಂಗ್ಸ್. ಜೆಫರ್ಸನ್‌ನ ಗುಲಾಮನಾಗಿದ್ದ ಈತ 1784ರಲ್ಲಿ, 19ರ ಹರೆಯದಲ್ಲಿ, ಒಡೆಯನ ಜೊತೆ ಪ್ಯಾರಿಸ್‌ಗೆ ಹೋಗಿ ಫ್ರೆಂಚ್ ಅಡುಗೆ ಕಲಿತ. ತಮ್ಮ ಪೀಟರ್‌ಗೆ ಆ ವಿದ್ಯೆಯನ್ನೆಲ್ಲ ಕಲಿಸಿಕೊಟ್ಟ ಮೇಲೆಯೇ 1796ರಲ್ಲಿ ಬಿಡುಗಡೆ ಸಿಕ್ಕಿತು. ಹೊರಡುವ ಮುನ್ನ ಆ ಮನೆಯ ಅಡುಗೆಪಾತ್ರೆಗಳ ಪಟ್ಟಿಯನ್ನು ತನ್ನ ಕೈಯಾರೆ ಬರೆದಿಟ್ಟ. ಅದು ಇಂದಿಗೂ ಉಳಿದಿದೆ. 1801ರಲ್ಲಿ, 36ರ ವಯಸ್ಸಿನಲ್ಲಿ ತೀರಿಕೊಂಡ. ಮರುವರ್ಷ ಫೆಬ್ರವರಿಯಲ್ಲಿ ಅಧ್ಯಕ್ಷ ಜೆಫರ್ಸನ್‌ನ ಊಟದ ಮೇಜಿಗೆ ಮ್ಯಾಕರೋನಿಯ ಪೈ ಬಂತು. ಅತಿಥಿಯಾಗಿದ್ದ ಸಂಸದ ಮನಾಸೆ ಕಟ್ಲರ್ ಅದನ್ನು ಈರುಳ್ಳಿ ಎಂದು ತಿಳಿದು, ರುಚಿಯಾಗಿರಲಿಲ್ಲ ಎಂದು ಬರೆದಿಟ್ಟ. ಈ ತಿನಿಸು ಮುಂದೆ ಆಫ್ರಿಕನ್ ಅಮೆರಿಕನ್ನರ ಹಬ್ಬದೂಟದಲ್ಲಿ ಬಿಡಲಾಗದ ಅಡುಗೆಯಾಯಿತು. ಆ ಮನೆಗಳಲ್ಲಿ ಅದನ್ನು ಯಾರ ಕೈಗೆ ಒಪ್ಪಿಸಬೇಕೆಂಬುದೇ ದೊಡ್ಡ ಮಾತು.

ಇನ್ನು ಒಲೆ ಹಚ್ಚೋಣ. ನಾಲ್ವರಿಗೆ 250 ಗ್ರಾಂ ಮ್ಯಾಕರೋನಿ, ತಲಾ 40 ಗ್ರಾಂ ಬೆಣ್ಣೆ ಮತ್ತು ಮೈದಾ, 600 ಮಿ.ಲೀ. ಗಟ್ಟಿ ಹಾಲು, 250 ಗ್ರಾಂ ಚೆಡ್ಡರ್. ಉಪ್ಪುನೀರಿನಲ್ಲಿ ಬೇಯುವ ಮ್ಯಾಕರೋನಿಯನ್ನು ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಬೇಕು. ಉಳಿದದ್ದು ಓವನ್‌ನಲ್ಲಿ ಬೇಯುತ್ತದೆ. ಬೆಣ್ಣೆ ಕರಗಿಸಿ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವ ತನಕ ಹುರಿಯಿರಿ, ಬಣ್ಣ ತಿರುಗಬಾರದು. ಆಮೇಲೆ ಹಾಲು, ಸ್ವಲ್ಪಸ್ವಲ್ಪವಾಗಿ. ಮೊದಲ ಸೌಟು ಹಾಲಿಗೆ ಹಿಟ್ಟು ಮುದ್ದೆಯಾದೀತು, ಗಾಬರಿ ಬೇಡ, ಚೆನ್ನಾಗಿ ಕಲೆಸಿ ಮುಂದಿನದನ್ನು ಹುಯ್ಯಿರಿ. ಒಂದು ಕುದಿ ಬಂದು, ಸೌಟಿನ ಬೆನ್ನಿಗೆ ಹತ್ತುವಷ್ಟು ಗಟ್ಟಿಯಾದಾಗ ಉರಿ ಆರಿಸಿ.

ಚೀಸ್ ಬೀಳಬೇಕಾದದ್ದು ಈಗ, ಉರಿ ಆರಿದ ಮೇಲೆ. ಆ ಪಾತ್ರೆಯ ಬಿಸಿಯೇ ಅದಕ್ಕೆ ಸಾಕು. ಹಿಡಿಹಿಡಿಯಾಗಿ ಹಾಕಿ, ಒಂದು ಹಿಡಿ ಕರಗಿದ ಮೇಲೆ ಇನ್ನೊಂದು. ತುರಿದೇ ಮಾರುವ ಚೀಸನ್ನು ನಾನು ಒಪ್ಪುವುದಿಲ್ಲ: ಎಳೆಗಳು ಅಂಟದಿರಲೆಂದು ಅದಕ್ಕೆ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ, ಸಾಸು ತರಿತರಿಯಾಗುತ್ತದೆ. ಅರ್ಧ ಚಮಚ ಸಾಸಿವೆಪುಡಿಯನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ಕಲೆಸಿಟ್ಟು ಸೇರಿಸಿದರೆ ಅದರ ಘಾಟು ಬೆಣ್ಣೆಯ ಜಿಡ್ಡನ್ನು ಮುರಿಯುತ್ತದೆ.

ಒಡೆಯದಂತೆ ನೋಡಿಕೊಳ್ಳಲು ಇನ್ನೊಂದು ದಾರಿಯೂ ಇದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಊರಿನಲ್ಲಿ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಸೋಡಿಯಂ ಸಿಟ್ರೇಟ್ ಬಳಸಿ ಚೀಸನ್ನು ಒಡೆಯದಂತೆ ಕರಗಿಸಿದರು. ಕ್ಯಾಸೀನನ್ನು ಬೆಸೆದ ಕ್ಯಾಲ್ಸಿಯಂ ಅನ್ನು ಆ ಲವಣ ಸೆಳೆದುಕೊಳ್ಳುತ್ತದೆ, ಬಲೆ ಸಡಿಲಾಗುತ್ತದೆ. ಪ್ರೊಸೆಸ್ಡ್ ಚೀಸು ಹುಟ್ಟಿದ್ದು ಹೀಗೆ. 1937ರಲ್ಲಿ ಕ್ರಾಫ್ಟ್ ಕಂಪನಿ ನಾಲ್ವರಿಗಾಗುವಷ್ಟು ಮ್ಯಾಕರೋನಿ ಚೀಸನ್ನು 19 ಸೆಂಟಿಗೆ ಡಬ್ಬಿಯಲ್ಲಿ ಮಾರಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅದು ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿತು, ಅದನ್ನು ಹಗುರವಾಗಿ ಕಾಣಲಾರೆ. ನಮ್ಮ ಅಂಗಡಿಯ ಪ್ರೊಸೆಸ್ಡ್ ಚೀಸಿನಲ್ಲೂ ಇಂಥದೇ ಲವಣ ಇರುತ್ತದೆ. ಆ ಚೀಸೊಂದನ್ನೇ ಹಾಕಿದರೆ ರುಚಿ ಸಪ್ಪೆ. 200 ಗ್ರಾಂ ಹುಳಿ ಚೆಡ್ಡರಿಗೆ 50 ಗ್ರಾಂ ಬೆರೆಸಿದರೆ ಸಾಸು ರೇಷ್ಮೆಯಂತೆ ಇಳಿಯುತ್ತದೆ.

ಮ್ಯಾಕರೋನಿ ಸೇರಿಸಿದಾಗ ಸಾಸು ಹೆಚ್ಚಾಯಿತು, ನೀರಾಯಿತು ಎನಿಸಬೇಕು. ಮ್ಯಾಕರೋನಿ ಅದನ್ನು ಹೀರಿಕೊಳ್ಳುತ್ತದೆ. ಮೊದಲೇ ಗಟ್ಟಿಯಿದ್ದರೆ ಓವನ್‌ನಿಂದ ಹೊರಬರುವುದು ಒಣ ಇಟ್ಟಿಗೆ. ಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಬ್ರೆಡ್ ಪುಡಿ ಉದುರಿಸಿ, 190 ಡಿಗ್ರಿಯಲ್ಲಿ 20 ನಿಮಿಷ. ಅಂಚು ಕುದಿದು ಮೇಲ್ಪದರ ಕೆಂಪಾದರೆ ಸಾಕು.

ಬೇಗ ಆರಿಹೋಗುತ್ತದೆ, ಬಿಸಿನೀರು ತುಂಬಿದ ತಟ್ಟೆಯ ಮೇಲಿಟ್ಟು ಊಟಕ್ಕೆ ಕಳಿಸಿ ಎಂದು ರಾಫಾಲ್ಡ್ ಆಗಲೇ ಬರೆದಿದ್ದಳು. ಆರಿದಂತೆ ಪಿಷ್ಟ ಬಿಗಿದು ಸಾಸು ಗಟ್ಟಿಯಾಗುತ್ತದೆ. ಮಾರನೆಯ ದಿನಕ್ಕೆ ಉಳಿದರೆ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿಮಾಡಿ.