ನಾಯಿಯನ್ನು ಓಡಿಸಿದರೆ ಉಣುಗು ಓಡುವುದಿಲ್ಲ



ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸದ ನಿಮಿತ್ತ ಕರಾವಳಿಯಿಂದ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆಸಿದ ನಮ್ಮವರ ಕುಟುಂಬಗಳು ಸಾಕಷ್ಟಿವೆ. ಕಲಘಟಗಿ, ಕುಂದಗೋಳ, ನವಲಗುಂದ, ಅಳ್ನಾವರ ಕಡೆಯ ಹಳ್ಳಿಗಳಿಗೆ ಸೇವೆಯ ಸಲುವಾಗಿ ಹೋಗಿ ಬರುವವರೂ ಇದ್ದಾರೆ. ಆ ಹಳ್ಳಿಗಳಲ್ಲಿ ನಮಗೆ ಮೊದಲು ಎದುರಾಗುವುದು ನಾಯಿಗಳು. ಅವು ಯಾರೊಬ್ಬರ ನಾಯಿಗಳೂ ಅಲ್ಲ. ಆದರೂ ಒಂದು ಮನೆಯಲ್ಲಿ ಜೋಳದ ರೊಟ್ಟಿಯ ಚೂರು, ಇನ್ನೊಂದು ಮನೆಯ ಪಡಸಾಲೆಯಲ್ಲಿ ನೆರಳು, ರಾತ್ರಿ ಇಡೀ ಓಣಿಯ ಕಾವಲು, ಹೀಗೆ ಊರಿನ ಬದುಕಿನಲ್ಲಿ ಅವು ಸೇರಿಕೊಂಡಿವೆ.

ಇಂತಹ ನಾಯಿಯೊಂದು ಇದ್ದಕ್ಕಿದ್ದಂತೆ ರೊಟ್ಟಿ ಮುಟ್ಟುವುದಿಲ್ಲ. ಮೂಲೆಯಲ್ಲಿ ಮಲಗಿದ್ದು ಏಳುವುದಿಲ್ಲ. ಮೂಗಿನಿಂದ ರಕ್ತ ಬರುತ್ತದೆ, ಕೆಲವು ದಿನಗಳಲ್ಲಿ ಸಾಯುತ್ತದೆ. "ಯಾರೋ ವಿಷ ಹಾಕಿರಬೇಕು", "ಬಿಸಿಲು ತಾಗಿತು" ಎಂದು ಜನ ಸುಮ್ಮನಾಗುತ್ತಾರೆ. ಇನ್ನೊಂದು ಮನೆಯಲ್ಲಿ ಗೋಡೆಯ ಮೇಲೆ ಉಣುಗು ಹರಿದಾಡುವುದನ್ನು ಕಂಡ ಕೂಡಲೇ ನಾಯಿಯನ್ನು ಗೋಣಿಚೀಲದಲ್ಲಿ ಕಟ್ಟಿ ದೂರದ ಊರಿನಲ್ಲಿ ಬಿಟ್ಟು ಬರುತ್ತಾರೆ. ಮೊದಲನೆಯದರಲ್ಲಿ ಗುಣವಾಗಬಹುದಾಗಿದ್ದ ಕಾಯಿಲೆಗೆ ಒಂದು ಜೀವ ಹೋಯಿತು. ಎರಡನೆಯದರಲ್ಲಿ ನಾಯಿ ಹೋಯಿತು, ಉಣುಗು ಮನೆಯಲ್ಲೇ ಉಳಿಯಿತು. ಹೀಗೇಕೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಉಣುಗಿನ ಮನೆ ಎಲ್ಲಿದೆ?

ಉಣ್ಣಿ, ಉಣ್ಣೆ ಎಂದೂ ಕರೆಯಲಾಗುವ ಉಣುಗಿನಲ್ಲಿ ಅನೇಕ ಜಾತಿಗಳಿವೆ. ನಾಯಿಗಳ ಕಿವಿ, ಕತ್ತು, ಕಾಲ್ಬೆರಳ ಸಂದುಗಳಲ್ಲಿ ಹೆಚ್ಚಾಗಿ ಕಾಣುವುದು ಕಂದು ಬಣ್ಣದ ನಾಯಿ ಉಣುಗು. ಇದು ಸದಾ ನಾಯಿಯ ಮೈಮೇಲೆಯೇ ಇರುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ತಪ್ಪು. ಮೊಟ್ಟೆಯಿಂದ ಹೊರಬಂದ ಆರು ಕಾಲಿನ ಮರಿ ನಾಯಿಯನ್ನೇರಿ ಕೆಲವು ದಿನ ರಕ್ತ ಹೀರಿ ಕೆಳಗೆ ಬೀಳುತ್ತದೆ. ಗೋಡೆಯ ಬಿರುಕಿನಲ್ಲಿ ಪೊರೆ ಕಳಚಿ ಎಂಟು ಕಾಲು ಪಡೆದು ಮತ್ತೆ ನಾಯಿಯನ್ನೇರುತ್ತದೆ, ಮತ್ತೆ ಬೀಳುತ್ತದೆ. ಪೂರ್ಣ ಬೆಳೆದ ಮೇಲೆ ಮೂರನೆಯ ಬಾರಿ ಏರುತ್ತದೆ. ರಕ್ತ ಕುಡಿದು ಹರಳು ಬೀಜದಂತೆ ಉಬ್ಬಿದ ಹೆಣ್ಣು ಉಣುಗು ಕೆಳಗಿಳಿದು, ಸಂದಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ಅಂದರೆ ಉಣುಗು ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆಯುವುದು ಮಣ್ಣಿನ ಗೋಡೆಯ ಬಿರುಕು, ಹಾಸುಗಲ್ಲಿನ ಸಂದು, ದನದ ಕೊಟ್ಟಿಗೆಯ ಮೂಲೆ, ಬಾಗಿಲ ಚೌಕಟ್ಟಿನ ಹಿಂಬದಿಗಳಲ್ಲಿ. ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯುವ ಶಕ್ತಿ ಅದಕ್ಕಿದೆ. ನಾಯಿಯನ್ನು ಹೊರಗಟ್ಟಿದರೆ ಅದು ಹಸಿದು ಕಾಯುತ್ತದೆ. ನಾಯಿ ಸಿಗದಿದ್ದಾಗ, ವಿಶೇಷವಾಗಿ ಕಡುಬೇಸಿಗೆಯಲ್ಲಿ, ಮನುಷ್ಯರನ್ನೂ ಕಚ್ಚುತ್ತದೆ. ನೆಲದ ಮೇಲೆ ಮಲಗುವ ಮಕ್ಕಳೇ ಅದಕ್ಕೆ ಸುಲಭವಾಗಿ ಸಿಗುವವರು.

ಹುಬ್ಬಳ್ಳಿ ಕಂಡ ಪಾಠ

ಈ ಮಾತಿಗೆ ಹುಬ್ಬಳ್ಳಿಯ ಇತಿಹಾಸದಲ್ಲೇ ಒಂದು ನಿದರ್ಶನವಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಮುಂದೆ ಹುಬ್ಬಳ್ಳಿ-ಧಾರವಾಡಕ್ಕೂ ಬಂದಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿಹೋಯಿತು. ವಿಜ್ಞಾನಿ ಹಾಫ್ಕಿನ್ ಅವರು ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಅದೇ 1898ರಲ್ಲಿ ಪಾಲ್ ಲೂಯಿ ಸೀಮೊಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ನಡೆಸಿ, ಪ್ಲೇಗನ್ನು ಇಲಿಯಿಂದ ಇಲಿಗೆ ದಾಟಿಸುವುದು ಚಿಗಟ ಎಂದು ತೋರಿಸಿದರು. ಮೊದಲಿಗೆ ಅವರ ಮಾತನ್ನು ಹೆಚ್ಚಿನವರು ನಂಬಲಿಲ್ಲ.

ಇಲಿ ಸತ್ತು ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿ ರಕ್ತ ಹುಡುಕುತ್ತವೆ. ಆದ್ದರಿಂದಲೇ ಪ್ಲೇಗ್ ಬಂದಲ್ಲಿ ಮೊದಲು ಚಿಗಟ ನಾಶ, ಆಮೇಲೆ ಇಲಿ ನಾಶ ಎಂಬುದು ಮುಂದೆ ಆರೋಗ್ಯ ಇಲಾಖೆಗಳ ನಿಯಮವಾಯಿತು. ಊರ ನಾಯಿಯ ಉಣುಗಿನಿಂದ ಪ್ಲೇಗ್ ಬರುವುದಿಲ್ಲ, ಆ ಭಯ ಬೇಡ. ಆದರೆ ಪಾಠ ಒಂದೇ: ಪ್ರಾಣಿಯನ್ನಷ್ಟೇ ಇಲ್ಲವಾಗಿಸಿ, ಅದರ ರಕ್ತ ಹೀರುವ ಹುಳವನ್ನು ಬಿಟ್ಟರೆ ಅಪಾಯ ನಮ್ಮ ಹತ್ತಿರಕ್ಕೆ ಬರುತ್ತದೆ.

ನಾಯಿಗೆ ಬರುವ ಕಾಯಿಲೆಗಳು

ಉಣುಗಿನಿಂದ ನಾಯಿಗೆ ಬರುವ ಕಾಯಿಲೆಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು ಎರ್ಲಿಕಿಯಾ. ಇದರ ರೋಗಾಣು ಬಿಳಿ ರಕ್ತಕಣಗಳನ್ನು ಹೊಕ್ಕುತ್ತದೆ. 1935ರಲ್ಲಿ ಅಲ್ಜೀರಿಯಾದಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ನೂರಾರು ನಾಯಿಗಳು ಇದಕ್ಕೆ ಬಲಿಯಾದವು. ಜ್ವರ, ಊಟ ಬಿಡುವುದು, ಮೈ ಕರಗುವುದು, ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಸಿದು ಮೂಗಿನಿಂದ ರಕ್ತ ಸೋರುವುದು ಇದರ ಲಕ್ಷಣಗಳು. ಕೆಲವು ನಾಯಿಗಳು ಗುಣವಾದಂತೆ ಕಂಡು, ತಿಂಗಳುಗಳ ನಂತರ ಮತ್ತೆ ಕುಸಿಯುತ್ತವೆ.

ಎರಡನೆಯದು ಬಬೇಸಿಯಾ. ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ. ಇದರ ಒಂದು ಬಗೆಯನ್ನು 1910ರಲ್ಲಿ ಮದ್ರಾಸಿನ ಬೇಟೆನಾಯಿಗಳಲ್ಲಿ ಮೊದಲ ಬಾರಿಗೆ ವಿವರಿಸಲಾಯಿತು. ಮೂರನೆಯದು ಹೆಪಟೋಝೂನ್. ಇದು ಉಣುಗು ಕಚ್ಚಿದ್ದರಿಂದಲ್ಲ, ಮೈ ಕಚ್ಚಿಕೊಳ್ಳುವಾಗ ನಾಯಿಯೇ ಉಣುಗನ್ನು ನುಂಗುವುದರಿಂದ ಬರುತ್ತದೆ.

ಮುಂಬಯಿ, ದೆಹಲಿ, ಸಿಕ್ಕಿಂ, ಲಡಾಖ್‌ಗಳ ನಾಯಿಗಳ ರಕ್ತ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹೆಪಟೋಝೂನ್ ಮತ್ತು ಎರ್ಲಿಕಿಯಾ ಹೆಚ್ಚಾಗಿ ಕಂಡುಬಂದವು. ಹೊರನೋಟಕ್ಕೆ ಆರೋಗ್ಯವಾಗಿರುವ ನಾಯಿಯ ರಕ್ತದಲ್ಲೂ ಈ ರೋಗಾಣುಗಳು ಇರಬಹುದು. ಧಾರವಾಡದ ಬಯಲಿನಲ್ಲಿ ಸುಗ್ಗಿ ಮುಗಿದ ಹೊಲಗಳಿಗೆ ಕುರಿ ಹಿಂಡಿನೊಂದಿಗೆ ಬರುವ ನಾಯಿಗಳು ಊರ ನಾಯಿಗಳೊಂದಿಗೆ ಬೆರೆಯುತ್ತವೆ. ಹೀಗೆ ಒಂದು ಊರಿನ ರೋಗ ಇನ್ನೊಂದು ಊರಿಗೆ ದಾಟಲು ದಾರಿಯಾಗುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಮಾತ್ರೆಯೇ ಮುಖ್ಯ ಔಷಧಿ. ಸಾಮಾನ್ಯವಾಗಿ 28 ದಿನ ಕೊಡಬೇಕು. ಬಬೇಸಿಯಾಗೆ ಬೇರೆ ಔಷಧಿ ಬೇಕು. ಯಾವುದೆಂದು ತಿಳಿಯಲು ಪಶುವೈದ್ಯರು ರಕ್ತ ಪರೀಕ್ಷೆ ಮಾಡಬೇಕಾಗುತ್ತದೆ. ಆದ್ದರಿಂದ ಅಂಗಡಿಯಿಂದ ಮಾತ್ರೆ ತಂದು ಅಂದಾಜಿನಲ್ಲಿ ಕೊಡಬಾರದು.

ಚಿಗಟದ ಕಾಟ

ಚಿಗಟದ ಮೊಟ್ಟೆಗಳು ನಾಯಿಯ ಮೈಯಿಂದ ಉದುರಿ, ಅದು ಮಲಗುವ ಧೂಳಿನಲ್ಲಿ, ಹಳೆಯ ಗೋಣಿಚೀಲದಲ್ಲಿ ಮರಿಯಾಗುತ್ತವೆ. ನಾವು ನಾಯಿಯ ಮೈಮೇಲೆ ಕಾಣುವುದು ಒಟ್ಟು ಸಂಖ್ಯೆಯ ಒಂದು ಸಣ್ಣ ಪಾಲು ಮಾತ್ರ. ಚಿಕ್ಕ ಮರಿಗಳಿಗೆ ಚಿಗಟ ಮುತ್ತಿದರೆ ರಕ್ತ ಕಡಿಮೆಯಾಗಿಯೇ ಸಾಯುತ್ತವೆ. ಲಾಡಿಹುಳುವಿನ ಒಂದು ಜಾತಿಯೂ ಚಿಗಟದ ಮೂಲಕವೇ ಹರಡುತ್ತದೆ. ನಾಯಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನಂತಹ ತುಣುಕು ಕಂಡರೆ ಅದರ ಗುರುತು. ನಾಯಿಮರಿಯೊಂದಿಗೆ ಆಡುವ ಮಗು ಆಕಸ್ಮಿಕವಾಗಿ ಚಿಗಟ ನುಂಗಿದರೆ ಮಗುವಿನ ಹೊಟ್ಟೆಗೂ ಈ ಹುಳು ಸೇರಬಹುದು. ಕೈ ತೊಳೆಯುವ ಅಭ್ಯಾಸ ಮತ್ತು ನಾಯಿಗೆ ಜಂತುಹುಳದ ಔಷಧಿ ಎರಡೂ ಬೇಕು.

ನಮಗೂ ಬರುತ್ತದೆಯೇ?

ನಾಯಿಯ ಎರ್ಲಿಕಿಯಾ ಅಥವಾ ಬಬೇಸಿಯಾ ನಾಯಿಯನ್ನು ಮುಟ್ಟಿದ್ದರಿಂದ ನಮಗೆ ಹರಡುವುದಿಲ್ಲ. ಆದರೆ ನಾಯಿ ಉಣುಗು ಮನುಷ್ಯರನ್ನು ಕಚ್ಚಿದರೆ ಉಣುಗಿನ ಟೈಫಸ್ ಎಂಬ ಜ್ವರ ಬರಬಹುದು. ತೀವ್ರ ಜ್ವರ, ತಲೆನೋವು, ಅಂಗೈ ಅಂಗಾಲುಗಳಲ್ಲೂ ಕೆಂಪು ಗುಳ್ಳೆಗಳು ಇದರ ಲಕ್ಷಣ. ಸಕಾಲದಲ್ಲಿ ಔಷಧಿ ಸಿಕ್ಕರೆ ಗುಣವಾಗುತ್ತದೆ, ತಡವಾದರೆ ಪ್ರಾಣಾಪಾಯವಿದೆ. ಜ್ವರವೆಂದು ವೈದ್ಯರ ಬಳಿ ಹೋದಾಗ, ಉಣುಗು ಕಚ್ಚಿದ್ದರೆ ಅದನ್ನು ತಪ್ಪದೆ ಹೇಳಬೇಕು.

ಕರಾವಳಿಯ ನಮಗೆ ಉಣುಗು ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗ 1982ರ ಸುಮಾರಿಗೆ ಬೆಳ್ತಂಗಡಿ ಕಡೆಯೂ ಅನೇಕರನ್ನು ಬಲಿ ತೆಗೆದುಕೊಂಡಿತು. ಅದನ್ನು ಮುಖ್ಯವಾಗಿ ಹರಡುವುದು ಬೇರೆ ಜಾತಿಯ ಕಾಡಿನ ಉಣುಗು. ಮನೆಯ ಗೋಡೆಯ ನಾಯಿ ಉಣುಗಿಗೆ ಆ ಹೆಸರು ಅಂಟಿಸಿ ನಾಯಿಗಳನ್ನು ಕೊಲ್ಲುವುದು ಅಜ್ಞಾನ. ಆದರೂ ಕಲಘಟಗಿ, ಅಳ್ನಾವರದಂತಹ ಕಾಡಂಚಿನ ಊರುಗಳಲ್ಲಿ ಕಾಡಿಗೆ ಹೋಗಿ ಬಂದ ನಾಯಿಯ ಮೈಯನ್ನು ನೋಡಿ ಒಳಗೆ ಬಿಡುವುದು ಒಳ್ಳೆಯದು.

ಮಾಡಬಾರದ್ದು, ಮಾಡಬೇಕಾದದ್ದು

ಹತ್ತಿ, ಮೆಣಸಿನಕಾಯಿ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಸುರಿಯುವವರಿದ್ದಾರೆ. ಇದು ಅತ್ಯಂತ ಅಪಾಯಕಾರಿ. ನಾಯಿ ಮೈ ನೆಕ್ಕಿ ಸಾಯಬಹುದು, ಅದನ್ನು ತಬ್ಬಿದ ಮಗುವಿಗೂ ವಿಷ ತಾಗಬಹುದು. ಸೀಮೆಎಣ್ಣೆ, ಎಂಜಿನ್ ಆಯಿಲ್ ಕೂಡ ಬೇಡ. ಉಣುಗನ್ನು ಬೀಡಿಯಿಂದ ಸುಡುವುದು, ಉಗುರಿನಿಂದ ಜಜ್ಜುವುದು ಬೇಡ. ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು, ಸಾಬೂನು ನೀರಿಗೆ ಹಾಕಿ, ಕೈ ತೊಳೆದುಕೊಳ್ಳಬೇಕು. ಜೊಲ್ಲು ಸುರಿಸುವ, ತೂರಾಡುವ, ಸ್ವಭಾವ ಬದಲಾದ ನಾಯಿಯನ್ನು ಮುಟ್ಟಲೇಬಾರದು. ಅದು ಹುಚ್ಚುನಾಯಿ ರೋಗವೂ ಆಗಿರಬಹುದು.

ನಾಯಿಯ ಜೊತೆ ಜಾಗಕ್ಕೂ ಚಿಕಿತ್ಸೆ ಬೇಕು. ಗೋಡೆಯ ಬಿರುಕುಗಳನ್ನು ಮೆತ್ತಿ ಮುಚ್ಚಿ. ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಗೋಡೆಗೆ ಸಿಂಪಡಿಸುವ ಔಷಧಿ ಮತ್ತು ಅದರ ಪ್ರಮಾಣವನ್ನು ಪಶುವೈದ್ಯರನ್ನೇ ಕೇಳಿ. ಅಡಗಿದ್ದ ಮರಿಗಳು ಆಮೇಲೆ ಹೊರಬರುವುದರಿಂದ ಒಮ್ಮೆ ಸಿಂಪಡಿಸಿದರೆ ಸಾಲದು.

ಸ್ನಾನ ಮಾಡಿಸಲು ಕೈಗೆ ಸಿಗದ ಊರ ನಾಯಿಗೆ ಏನು ಮಾಡುವುದು? ಉಣುಗು, ಚಿಗಟ ಎರಡನ್ನೂ ಕೊಲ್ಲುವ, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನುಂಗಿಸುವ ಮಾತ್ರೆಗಳು ಈಗ ಲಭ್ಯವಿವೆ. ವೈದ್ಯರ ಸಲಹೆಯಂತೆ ಅದನ್ನು ರೊಟ್ಟಿಯ ಚೂರಿನಲ್ಲಿಟ್ಟು ಕೊಟ್ಟರಾಯಿತು. ಬೆಲೆ ಹೆಚ್ಚು, ಒಬ್ಬರಿಗೆ ಭಾರ. ಓಣಿಯ ಹತ್ತು ಮನೆಯವರು ಸೇರಿದರೆ ಭಾರವಲ್ಲ. 28 ದಿನದ ಮಾತ್ರೆಯನ್ನೂ ದಿನಾ ರೊಟ್ಟಿ ಹಾಕುವ ತಾಯಂದಿರೇ ಕೊಡಬಲ್ಲರು. 1962 ಸಹಾಯವಾಣಿಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ಘಟಕದ ಮಾಹಿತಿ ಪಡೆಯಬಹುದು. ನಾಯಿಗಳಿಗೆ ವಿಷ ಹಾಕುವುದು ಕಾನೂನಿನ ಪ್ರಕಾರ ಅಪರಾಧ. 2023ರ ನಿಯಮಗಳಂತೆ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಆ ಶಿಬಿರ ನಡೆಯುವಾಗಲೇ ಉಣುಗಿನ ಔಷಧಿಯನ್ನೂ ಕೊಡಿರೆಂದು ನಾವು ಪಂಚಾಯಿತಿಯನ್ನು ಕೇಳಬೇಕು.

ಪ್ಲೇಗ್ ರೋಗಿಗಳ ಪಾಲಕರಾದ ಸಂತ ರೋಕರ ಪ್ರತಿಮೆಯ ಪಕ್ಕದಲ್ಲಿ ರೊಟ್ಟಿ ಕಚ್ಚಿಕೊಂಡು ನಿಂತ ನಾಯಿಯನ್ನು ನಾವೆಲ್ಲ ನೋಡಿದ್ದೇವೆ. ಊರ ನಾಯಿಗೆ ನಾವು ರೊಟ್ಟಿ ಹಾಕುತ್ತೇವೆ, ಅದು ನಮ್ಮ ಓಣಿ ಕಾಯುತ್ತದೆ. ಮುಂದಿನ ಬಾರಿ ಅದು ರೊಟ್ಟಿ ಮುಟ್ಟದೆ ಮಲಗಿದರೆ, ದೂರದಿಂದಲೇ ಗಮನಿಸಿ, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸೋಣ. ಆಮೇಲೆ ಮನೆಗೆ ಬಂದು ಪಡಸಾಲೆಯ ಗೋಡೆಯ ಬಿರುಕುಗಳನ್ನೂ ನೋಡೋಣ.