ಕಾರಿಗೊಂದು ಕಿರ್ದಿ

ಪರಸ್ಥಳದಲ್ಲಿ ಸಂಸಾರ ಹೂಡಿದ ಕನ್ನಡಿಗರ ಮನೆಗಳಲ್ಲಿ ಲೆಕ್ಕಕ್ಕೇನೂ ಕೊರತೆಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವುಂಟು. ಯಾವ ದಿನ ಒಂದು ಲೀಟರು, ಯಾವ ದಿನ ಒಂದೂವರೆ, ಯಾವ ದಿನ ಊರಿಗೆ ಹೋದುದರಿಂದ ಸೊನ್ನೆ ಎಂಬುದೆಲ್ಲ ಅಲ್ಲಿ ಮೂಡಿರುತ್ತದೆ. ಇಸ್ತ್ರಿಗೆ ಕೊಟ್ಟ ಬಟ್ಟೆಗೆ ಚೀಟಿಯುಂಟು. ಊರಿನಿಂದ ತಂದ ಜೋಳ ಇನ್ನೆಷ್ಟು ದಿನ ಬಂದೀತೆಂಬ ಅಂದಾಜು ಗೃಹಿಣಿಯ ನಾಲಗೆಯ ತುದಿಯಲ್ಲಿರುತ್ತದೆ. ಆದರೆ ಬಾಗಿಲ ಮುಂದೆ ನಿಂತ ಕಾರು ಕುಡಿದ ಪೆಟ್ರೋಲಿಗೆ ತಕ್ಕ ಹಾಗೆ ಓಡುತ್ತಿದೆಯೇ ಎಂದು ಕೇಳಿರಿ, ಯಜಮಾನರು ತಲೆ ಕೆರೆದುಕೊಳ್ಳುತ್ತಾರೆ. "ಹದಿನೈದೋ ಹದಿನಾರೋ ಕೊಡುತ್ತದೆ" ಎನ್ನುತ್ತಾರೆ. ಕೊಡುವುದು ಕಾರೋ ಅವರ ಬಾಯೋ ತಿಳಿಯದು.

ನಾವೂ ಇದೇ ಗುಂಪಿಗೆ ಸೇರಿದವರಾಗಿದ್ದೆವು. ಲೆಕ್ಕವಿಲ್ಲದೆ ಬರಿಯ ಅಂದಾಜಿನಿಂದ ನಡೆದು, ಮನೆಯ ಹುಡುಗನೊಬ್ಬನ ಮನಸ್ಸು ನೋಯಿಸಿದ ಮೇಲೆ ನಮಗೆ ಬುದ್ಧಿ ಬಂದಿತು. ಆ ಕಥೆಯ ಜೊತೆಗೇ ಲೆಕ್ಕದ ರೀತಿಯನ್ನೂ ಹೇಳಿಬಿಡುತ್ತೇವೆ.

ಪುಣೆಯಲ್ಲಿ ನಮ್ಮದು ಹತ್ತು ವರ್ಷದ ಒಂದು ಸಣ್ಣ ಪೆಟ್ರೋಲು ಕಾರು. ಧಾರವಾಡದಿಂದ ನಮ್ಮ ಅಕ್ಕನ ಮಗ ಇಲ್ಲಿ ನೌಕರಿಗೆಂದು ಬಂದು ನಮ್ಮಲ್ಲಿಯೇ ಉಳಿದುಕೊಂಡಿದ್ದ. ರವಿವಾರ ಕಾರು ತೆಗೆದುಕೊಂಡು ಗೆಳೆಯರಲ್ಲಿಗೆ ಹೋಗಿಬರುವುದಿತ್ತು. ನಾವೇ ಕೀಲಿ ಕೊಟ್ಟುದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕೆಲವು ತಿಂಗಳಾದ ಮೇಲೆ, ಇಪ್ಪತ್ತು ದಿನ ಬರುತ್ತಿದ್ದ ಟ್ಯಾಂಕು ಹದಿನೈದು ದಿನಕ್ಕೇ ಬರಿದಾಗತೊಡಗಿತು. ನಮ್ಮ ಕಚೇರಿಯ ದಾರಿ ಬದಲಾಗಿಲ್ಲ. ಮನೆಯಲ್ಲಿ ಹೊಸತಾಗಿ ಬಂದವನು ಹುಡುಗನೊಬ್ಬನೇ. ಮನಸ್ಸು ತಾನಾಗಿ ಅವನ ಮೇಲೆ ಹೋಯಿತು. ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಕಾರು ನೀರಿನ ಮ್ಯಾಲೆ ಓಡೂದಿಲ್ಲಪಾ" ಎಂದು ನಗುತ್ತಲೇ ಅಂದೆವು. ಅವನು ನಗಲಿಲ್ಲ. ಮರು ರವಿವಾರ ಸಿಟಿ ಬಸ್ಸಿನಲ್ಲಿ ಹೋದ. ಅದರ ಮುಂದಿನ ವಾರ, "ಮಾಮಾ, ಆಫೀಸಿನ ಹತ್ತರ ಒಂದು ಖೋಲಿ ನೋಡ್ಲಿಕ್ಕತ್ತೀನಿ" ಎಂದ.

ನಮ್ಮ ಮನೆಯವರು ಆಗ ಏನೂ ಆಡಲಿಲ್ಲ. ರಾತ್ರಿ ಪಾತ್ರೆಗಳನ್ನೆಲ್ಲ ಎತ್ತಿಟ್ಟ ಮೇಲೆ ನೂರು ಪುಟದ ಒಂದು ವಹಿ ತಂದು ನಮ್ಮ ಮುಂದಿಟ್ಟರು. "ಹಾಲಿನಾಂವ ಅರ್ಧಾ ಲೀಟರ್ ಹೆಚ್ಚು ಹಚ್ಚಿದ್ರ ನಾ ಕ್ಯಾಲೆಂಡರ್ ನೋಡಿ ಮಾತಾಡ್ತೀನಿ. ನೀವು ಏನ್ ನೋಡಿ ಮಾತಾಡಿದ್ರಿ?" ಎಂದರು. ಉತ್ತರವಿರಲಿಲ್ಲ. ಹೀಗೆ ನಮ್ಮ ಕಾರಿಗೆ ಕಿರ್ದಿ ಪ್ರಾರಂಭವಾಯಿತು.

ಲೆಕ್ಕದ ರೀತಿ

ಮೊದಲು ಬಿಡಬೇಕಾದ ಚಾಳಿ ಒಂದುಂಟು. "ಐನೂರರದು ಹಾಕು, ಸಾವಿರದ್ದು ಹಾಕು" ಎಂದು ರೂಪಾಯಿಯ ಲೆಕ್ಕದಲ್ಲಿ ಪೆಟ್ರೋಲು ಹಾಕಿಸುವವರಿಗೆ ಕಾರಿನ ಗುಣ ಎಂದೂ ತಿಳಿಯದು. ಖರ್ಚು ಹೆಚ್ಚಲು ಮೂರು ಕಾರಣಗಳಿರಬಹುದು: ದರ ಏರಿರಬಹುದು, ಕಾರು ಹೆಚ್ಚು ಓಡಿರಬಹುದು, ಇಲ್ಲವೆ ಓಡಿದಷ್ಟಕ್ಕೇ ಹೆಚ್ಚು ಕುಡಿದಿರಬಹುದು. ರೂಪಾಯಿಯ ಅಂಕೆಯಲ್ಲಿ ಈ ಮೂರೂ ಕಲಸಿಹೋಗಿರುತ್ತವೆ. ಇವನ್ನು ಬೇರೆ ಬೇರೆ ಮಾಡುವುದೇ ಕಿರ್ದಿಯ ಕೆಲಸ.

ರೀತಿ ಬಹಳ ಸುಲಭ. ಒಂದು ದಿನ ಟ್ಯಾಂಕನ್ನು ಪೂರ್ತಿ ತುಂಬಿಸಿರಿ. ಪಂಪಿನ ನಳಿಗೆ ತಾನಾಗಿ 'ಟಕ್' ಎಂದು ನಿಂತಾಗ ನಿಲ್ಲಿಸಿರಿ. ಆ ಮೇಲೆ ಒತ್ತಿ ಒತ್ತಿ ಹಾಕಿಸಬಾರದು. ಆಗಿನ ಮೀಟರಿನ ಕಿಲೋಮೀಟರನ್ನು ವಹಿಯಲ್ಲಿ ಬರೆಯಿರಿ. ಎಂದಿನಂತೆ ಕಾರು ಓಡಿಸಿರಿ. ಮುಂದಿನ ಸಲ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ನಳಿಗೆ ತಾನೇ ನಿಲ್ಲುವ ತನಕ ತುಂಬಿಸಿರಿ. ಈ ಎರಡನೆಯ ಸಲ ಎಷ್ಟು ಲೀಟರು ಹಿಡಿಯಿತೋ ಅಷ್ಟೇ ಪೆಟ್ರೋಲನ್ನು ಕಾರು ಈ ನಡುವೆ ಸುಟ್ಟಿದೆ. ಓಡಿದ ಕಿಲೋಮೀಟರನ್ನು ಈ ಲೀಟರಿನಿಂದ ಭಾಗಿಸಿದರೆ ಲೀಟರಿಗೆ ಎಷ್ಟೆಂಬುದು ಬರುತ್ತದೆ. 437 ಕಿಲೋಮೀಟರು ಓಡಿ 26.4 ಲೀಟರು ಹಿಡಿದರೆ ಲೀಟರಿಗೆ 16.55 ಕಿಲೋಮೀಟರು.

ವಹಿಯಲ್ಲಿ ಐದು ಅಂಕಣ ಸಾಕು: ತಾರೀಖು, ಮೀಟರು, ಲೀಟರು, ದರ, ಷರಾ. ಷರಾದಲ್ಲಿ 'ಊರೊಳಗೆ', 'ಹೆದ್ದಾರಿ', 'ಏಸಿ', 'ಗಾಳಿ ತುಂಬಿಸಿತು' ಎಂದು ಒಂದೆರಡು ಮಾತು ಬರೆದಿಡಿರಿ. ಸಿಎನ್‌ಜಿ ಕಾರುಳ್ಳವರು ಲೀಟರಿನ ಬದಲು ಕಿಲೋ ಬರೆಯಬೇಕು. ಅದೇ ಕಾರಿನ ಪೆಟ್ರೋಲಿನ ಲೆಕ್ಕವನ್ನು ಅದರಲ್ಲಿ ಬೆರೆಸಬಾರದು. ಮೊಬೈಲಿನಲ್ಲಿ ಬರೆದುಕೊಳ್ಳುವವರು ಹಾಗೆಯೇ ಮಾಡಲಿ. ಆದರೆ ಪಂಪಿನಲ್ಲಿ ನಿಂತಾಗಲೇ ಬರೆಯಲಿ. ಮನೆಗೆ ಹೋಗಿ ಬರೆದೇನೆಂದವರು ಬರೆದುದನ್ನು ನಾವು ಕಂಡಿಲ್ಲ.

ಇದರಲ್ಲಿ ಎಡವುವ ಜಾಗಗಳು ಮೂರು. ನಳಿಗೆ ಎಲ್ಲ ಕಡೆಯೂ ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. ಕಾರು ತುಸು ಓರೆಯಾಗಿ ನಿಂತರೂ ಅರ್ಧ ಲೀಟರು, ಒಂದು ಲೀಟರು ವ್ಯತ್ಯಾಸ ಬಂದೀತು. ಐದು ಲೀಟರು ಹಾಕಿಸಿ ಲೆಕ್ಕ ಹಾಕುವವನಿಗೆ ಒಂದು ಲೀಟರಿನ ತಪ್ಪೆಂದರೆ ಐದರಲ್ಲೊಂದು ಪಾಲು. ಇಪ್ಪತ್ತೈದು ಲೀಟರಿನವನಿಗೆ ಅದು ನೂರಕ್ಕೆ ನಾಲ್ಕು ಮಾತ್ರ. ಆದುದರಿಂದ ಟ್ಯಾಂಕು ಚೆನ್ನಾಗಿ ಇಳಿದ ಮೇಲೆಯೇ ತುಂಬಿಸಬೇಕು. ಒಂದು ಸಲದ ಅಂಕೆಯನ್ನು ನಂಬದೆ ಮೂರು ನಾಲ್ಕು ಸಲ ನೋಡಬೇಕು.

ಎರಡನೆಯದು ಸರಾಸರಿಯ ಮೋಸ. ಊರಿಗೆ ಹೋಗುವಾಗ 500 ಕಿಲೋಮೀಟರಿಗೆ 25 ಲೀಟರು, ಅಂದರೆ ಲೀಟರಿಗೆ 20. ಊರೊಳಗೆ 150 ಕಿಲೋಮೀಟರಿಗೆ 15 ಲೀಟರು, ಅಂದರೆ 10. ಇವೆರಡನ್ನೂ ಕೂಡಿಸಿ ಅರ್ಧ ಮಾಡಿ 15 ಎಂದರೆ ತಪ್ಪು. ಒಟ್ಟು 650 ಕಿಲೋಮೀಟರನ್ನು ಒಟ್ಟು 40 ಲೀಟರಿನಿಂದ ಭಾಗಿಸಿರಿ, 16.25 ಬರುತ್ತದೆ. ಸರಿಯಾದುದು ಅದೇ.

ಮೂರನೆಯದು ಕಾರಿನ ಮುಂಭಾಗದ ತೆರೆಯ ಮೇಲೆ ಮೂಡುವ ಅಂಕೆ. ಹೊಸ ಕಾರುಗಳು ತಮ್ಮ ಸರಾಸರಿಯನ್ನು ತಾವೇ ತೋರಿಸುತ್ತವೆ. ಅದು ಎಂಜಿನಿಗೆ ಚಿಮ್ಮಿಸಿದ ಪೆಟ್ರೋಲಿನಿಂದ ಕಾರಿನ ಯಂತ್ರವೇ ಹಾಕಿದ ಲೆಕ್ಕ. ಎರಡು ಮೂರು ಟ್ಯಾಂಕು ನಿಮ್ಮ ಲೆಕ್ಕದ ಜೊತೆ ಹೋಲಿಸಿ ನೋಡಿ, ಅದು ಎಷ್ಟು ಹೆಚ್ಚು ಹೇಳುತ್ತದೆಂದು ತಿಳಿದುಕೊಂಡರೆ ಮುಂದೆ ಆ ಅಂಕೆಯೂ ಉಪಯೋಗಕ್ಕೆ ಬರುತ್ತದೆ.

ಸಂಶಯದ ಸರದಿ

ಎರಡು ತಿಂಗಳಲ್ಲಿ ನಾಲ್ಕು ಸಲ ಟ್ಯಾಂಕು ತುಂಬಿಸಿದೆವು. ಮೊದಲನೆಯದು ಪ್ರಾರಂಭದ ಗುರುತಿಗೆ. ಉಳಿದ ಮೂರರಲ್ಲಿ 312 ಕಿಲೋಮೀಟರಿಗೆ 25.6 ಲೀಟರು, 287ಕ್ಕೆ 23.9, 334ಕ್ಕೆ 27.1. ಒಟ್ಟು 933 ಕಿಲೋಮೀಟರು, 76.6 ಲೀಟರು, ಲೀಟರಿಗೆ 12.18. ಈ ಎರಡು ತಿಂಗಳು ಹುಡುಗ ಕಾರಿನ ಕೀಲಿಯನ್ನು ಮುಟ್ಟಿಯೇ ಇರಲಿಲ್ಲ. ಆದರೂ ಟ್ಯಾಂಕು ಹದಿನೈದು ದಿನಕ್ಕೇ ಮುಗಿಯುತ್ತಿತ್ತು.

ಹಳೆಯ ಸರ್ವಿಸಿನ ಬಿಲ್ಲುಗಳನ್ನು ತೆಗೆದು ನೋಡಿದೆವು. ಅವುಗಳ ಮೇಲೆ ತಾರೀಖಿನ ಜೊತೆ ಮೀಟರಿನ ಅಂಕೆಯೂ ಇರುತ್ತದೆ. ಹೋದ ವರ್ಷದ ತಿಂಗಳ ಓಟಕ್ಕೂ ಹುಡುಗ ಬಂದ ಮೇಲಿನ ಓಟಕ್ಕೂ ನಲವತ್ತು ಕಿಲೋಮೀಟರಿನ ಅಂತರವೂ ಇರಲಿಲ್ಲ. ಕಾರು ಹೆಚ್ಚು ಓಡಿರಲೇ ಇಲ್ಲ, ಹೆಚ್ಚು ಕುಡಿದಿತ್ತು. ಅದೇ ಮಾದರಿಯ ಕಾರುಳ್ಳ ನೆರೆಯವರು ಇದೇ ರೀತಿಯಿಂದ ಅಳೆದು, ಇದೇ ಊರಿನಲ್ಲಿ, ಹದಿನಾರರ ಮೇಲೆ ಬರುತ್ತದೆಂದರು. ನಾಲ್ಕರಲ್ಲೊಂದು ಪಾಲು ಎಲ್ಲಿಯೋ ಸೋರಿಹೋಗುತ್ತಿತ್ತು.

ಈ ಸಲ ಬಾಯಿ ಬಿಡುವ ಮೊದಲು ಒಂದೊಂದನ್ನೇ ತೂಗಿ ನೋಡಿದೆವು.

ಕಾರು ಕೊಳ್ಳುವಾಗ ಕಾಗದದಲ್ಲಿ ಬರೆದ ಅಂಕೆ ಇದಕ್ಕಿಂತ ಬಹಳ ದೊಡ್ಡದು. ಆದರೆ ಆ ಅಂಕೆ ಪ್ರಯೋಗಶಾಲೆಯದು. ನಮ್ಮ ಪುಣೆಯಲ್ಲಿಯೇ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ ಎಂಬ ಸಂಸ್ಥೆಯು ಇಂಥ ಪರೀಕ್ಷೆಗಳನ್ನು ಮಾಡುತ್ತದೆ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ ಓಡಿಸಿ, ಖರ್ಚು ಅಳೆಯುತ್ತಾರೆ. ನಮ್ಮ ಕಾರಿಗೆ ಅಂಕೆ ಕೊಟ್ಟ ಪರೀಕ್ಷೆಯಲ್ಲಿ ಏಸಿ ಇರಲಿಲ್ಲ, ವೇಗ ಗಂಟೆಗೆ 90 ಕಿಲೋಮೀಟರು ಮೀರಿರಲಿಲ್ಲ. ಪುಣೆಯ ಸಿಗ್ನಲ್ಲುಗಳಂತೂ ಅಲ್ಲಿಲ್ಲ! ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಆ ಅಂಕೆ ಸರಿ. ನಮ್ಮ ಕಾರು ಕೆಟ್ಟಿದೆಯೇ ಎಂದು ತಿಳಿಯಲು ನಮ್ಮದೇ ಕಿರ್ದಿ ಬೇಕು.

ಪಂಪಿನವರು ಕಡಮೆ ಹಾಕುತ್ತಿರಬಹುದೆ? ಪ್ರತಿಯೊಂದು ಪಂಪಿನಲ್ಲಿಯೂ ಸರಕಾರದ ಮುದ್ರೆಯ ಐದು ಲೀಟರಿನ ಅಳತೆಯ ಪಾತ್ರೆ ಇರಬೇಕೆಂದು ನಿಯಮವಿದೆ. ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿನ ತನಕ ವ್ಯತ್ಯಾಸಕ್ಕೆ ಅವಕಾಶವುಂಟು. ಸಂಕೋಚಪಡುತ್ತಲೇ ಕೇಳಿದೆವು. ಅವರು ಮುಖ ಸಿಂಡರಿಸದೆ ಅಳೆದು ತೋರಿಸಿದರು. ಸರಿಯಾಗಿತ್ತು.

ಪೆಟ್ರೋಲಿಗೆ ಬೆರೆಸುವ ಎಥನಾಲಿನ ಕಾರಣವೆ? ನೂರಕ್ಕೆ ಇಪ್ಪತ್ತು ಪಾಲು ಎಥನಾಲುಳ್ಳ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ದೇಶದಲ್ಲೆಲ್ಲ ಬಳಕೆಗೆ ಬಂದಿತು. ಒಂದು ಲೀಟರು ಎಥನಾಲಿನಲ್ಲಿ ಪೆಟ್ರೋಲಿನ ಸುಮಾರು ಮೂರರಲ್ಲೆರಡು ಪಾಲು ಶಕ್ತಿ. ಐದರಲ್ಲೊಂದು ಪಾಲಿನ ಶಕ್ತಿ ಮೂರರಲ್ಲೊಂದರಷ್ಟು ಕುಗ್ಗಿದರೆ ಒಟ್ಟಿಗೆ ನೂರಕ್ಕೆ ಆರೇಳು ಕಡಮೆಯಾಯಿತು. ಮೊದಲೇ ನೂರಕ್ಕೆ ಹತ್ತು ಬೆರೆಸುತ್ತಿದ್ದುದರಿಂದ ಹೊಸ ವ್ಯತ್ಯಾಸ ಇದರ ಅರ್ಧದಷ್ಟು. ಇದು ನಿಜವೇ, ಆದರೆ ನಮ್ಮ ನಷ್ಟ ನೂರಕ್ಕೆ ಇಪ್ಪತ್ತೈದು.

ಟಾಯರುಗಳ ಗಾಳಿ ನೋಡಿದೆವು. ಎಂಟು ಪಿಎಸ್‌ಐ ಇಳಿದಿತ್ತು. ನಾಲ್ಕೂ ಟಾಯರಿನಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಸುಮಾರು ನೂರಕ್ಕೆ 0.2ರಂತೆ ಖರ್ಚು ಹೆಚ್ಚುತ್ತದೆ, ಎಂಟಕ್ಕೆ ಒಂದೂವರೆಯಷ್ಟಾಯಿತು. ಬೆಳಗ್ಗೆ, ಟಾಯರು ತಣ್ಣಗಿರುವಾಗ, ಗಾಳಿ ತುಂಬಿಸಿದೆವು. ಕಳ್ಳ ಇನ್ನೂ ಸಿಕ್ಕಿರಲಿಲ್ಲ.

ಕೊನೆಗೆ ಅವನು ಸಿಕ್ಕಿದ್ದು ಮನೆಯ ಬಾಗಿಲಿನಲ್ಲಿಯೇ. ಒಂದು ಸಂಜೆ ಕಾರಿಳಿದಾಗ ಸುಟ್ಟ ವಾಸನೆ ಬಂದಿತು. ಗಾಲಿಗಳ ಬಳಿ ಕೈಯೊಡ್ಡಿ ನೋಡಿದರೆ, ಎಡಗಡೆಯ ಮುಂದಿನದು ಮಾತ್ರ ಒಲೆಯ ಹಾಗೆ ಕಾಯ್ದಿತ್ತು. (ಹೀಗೆ ನೋಡುವವರು ಗಾಲಿಯನ್ನು ಮುಟ್ಟಬೇಡಿರಿ, ಕೈ ಸುಟ್ಟೀತು.) ಮರುದಿನ ಮೆಕ್ಯಾನಿಕ್ ಬಿಚ್ಚಿ ತೋರಿಸಿದ: ಆ ಗಾಲಿಯ ಬ್ರೇಕು ಜಾಮಾಗಿ, ಕಾಲು ತೆಗೆದ ಮೇಲೂ ಡಿಸ್ಕನ್ನು ಬಿಡದೆ ಉಜ್ಜುತ್ತಿತ್ತು. ತಿಂಗಳುಗಟ್ಟಲೆ ನಾವು ಬ್ರೇಕು ಒತ್ತಿಕೊಂಡೇ ಕಾರು ಓಡಿಸಿದಂತಾಗಿತ್ತು. ಸ್ಟೀಯರಿಂಗು ತುಸು ಎಡಕ್ಕೆ ಎಳೆಯುತ್ತಿದ್ದುದುಂಟು. ನಾವು ಅದನ್ನು ರಸ್ತೆಯ ತಲೆಗೆ ಕಟ್ಟಿದ್ದೆವು. "ಇನ್ನಷ್ಟು ದಿನ ಬಿಟ್ಟಿದ್ದರೆ ಘಾಟಿನಲ್ಲಿ ಬ್ರೇಕೇ ಕೈ ಕೊಡುತ್ತಿತ್ತು" ಎಂದ ಮೆಕ್ಯಾನಿಕ್. ದೀಪಾವಳಿಗೆ ಖಂಬಾಟಕಿ ಘಾಟು ಹತ್ತಿ ಇಳಿದು ಧಾರವಾಡಕ್ಕೆ ಹೋಗುವವರಿದ್ದೆವು, ಮನೆಮಂದಿಯೆಲ್ಲ ಅದೇ ಕಾರಿನಲ್ಲಿ. ಪೆಟ್ರೋಲಿನ ನಷ್ಟ ಆಗ ಬಹಳ ಸಣ್ಣದಾಗಿ ಕಂಡಿತು.

ರಿಪೇರಿಯ ಮುಂದಿನ ಟ್ಯಾಂಕಿನ ಲೆಕ್ಕವೇ ಮೇಲೆ ಉದಾಹರಣೆಗೆ ಕೊಟ್ಟ 16.55.

ಆ ಸಂಜೆ ಹುಡುಗ ಬಂದಾಗ ವಹಿಯನ್ನು ಅವನ ಮುಂದಿಟ್ಟು, ಅವನು ಓದುವ ತನಕ ಸುಮ್ಮನಿದ್ದು, "ತಪ್ಪಾತು" ಎಂದೆವು. ಹಿರಿಯರಿಗೆ ಈ ಮಾತು ಸುಲಭವಲ್ಲ. ಲೆಕ್ಕ ಕಣ್ಣ ಮುಂದಿದ್ದುದರಿಂದ ಬಾಯಿಗೆ ಬಂದಿತು. ಅವನು ಪುಟ ತಿರುವುತ್ತ, "ನಾ ರವಿವಾರ ಒಯ್ದಾಗ ಇನ್ನೂರು ರೂಪಾಯಿದು ಹಾಕಸೇ ತರ್ತಿದ್ದೆ, ಮಾಮಾ. ಹೇಳಬೇಕಂತ ಅನಸಲಿಲ್ಲ" ಎಂದ. ಅದನ್ನೂ ಯಾರೂ ಬರೆದಿಟ್ಟಿರಲಿಲ್ಲ. ನಮ್ಮ ಮನೆಯವರು ಒಳಗಿನಿಂದ, "ಖೋಲಿ ಗೀಲಿ ಏನೂ ಬ್ಯಾಡ, ಕೈಕಾಲು ತೊಳಕೊಂಡು ಊಟಕ್ಕ ಬರ್ರಿ" ಎಂದರು.

ದೀಪಾವಳಿಗೆ ಊರಿಗೆ ಹೋದೆವು. ಪುಣೆಯಿಂದ ಬೆಳಗಾವಿಯ ತನಕ 338 ಕಿಲೋಮೀಟರಿಗೆ 17.9 ಲೀಟರು, ಲೀಟರಿಗೆ 18.88. ಲೆಕ್ಕ ಹಾಕಿದವನು ಹುಡುಗ. ವಹಿ ಈಗ ಅವನ ವಶದಲ್ಲಿದೆ. ಮನೆಯಲ್ಲಿಯೂ ಅವನೇ ಉಳಿದಿದ್ದಾನೆ.

ವಾಚಕರೂ ಮುಂದಿನ ಸಲ ಪಂಪಿಗೆ ಹೋದಾಗ ಟ್ಯಾಂಕು ಪೂರ್ತಿ ತುಂಬಿಸಿ ಮೊದಲ ಸಾಲು ಬರೆಯಲಿ. ತಿಂಗಳಿಗೆ 800 ಕಿಲೋಮೀಟರು ಓಡುವ ಕಾರು ಲೀಟರಿಗೆ 16 ಕೊಟ್ಟರೆ 50 ಲೀಟರು ಸಾಕು. 12ಕ್ಕೆ ಇಳಿದರೆ ಸುಮಾರು 67 ಬೇಕು. ಈ ಹದಿನೇಳು ಲೀಟರು ಎಲ್ಲಿ ಹೋಯಿತೆಂದು ಮನೆಯವರ ಮುಖ ನೋಡುವ ಮೊದಲು ವಹಿ ನೋಡುವುದು ಒಳ್ಳೆಯದು.